ಕೇಡು, ಕೆಡು ಮತ್ತು ಒಂದು ಎಕ್ಸ್‌ಟೆನ್ಷನ್

ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಹೋದ ಮಳೆಗಾಲದವರೆಗೆ ಇದ್ದ ಒಂದೂವರೆ ಪುಟ ಈಗ ಇಲ್ಲ. ಸರ್ವಜ್ಞನ ತ್ರಿಪದಿಗಳ ಪಾಠಾಂತರ ನನ್ನ ವಿಷಯ. ಒಂದು ತ್ರಿಪದಿಯಲ್ಲಿ ನಾನು ನೋಡಿದ ಅಚ್ಚಿನ ಪುಸ್ತಕಗಳೆಲ್ಲ ‘ಕೇಡು’ ಎಂದು ಕೊಡುವ ಜಾಗದಲ್ಲಿ ಅಂತರ್ಜಾಲದಲ್ಲಿ ಸಿಕ್ಕ ಒಂದು ಹಳೆಯ ಪಠ್ಯ ‘ಕೆಡು’ ಎಂದು ಕೊಡುತ್ತಿತ್ತು. ಒಂದು ನಾಮಪದ, ಇನ್ನೊಂದು ಕ್ರಿಯಾಪದ. ಹಿಂದುಮುಂದಿನ ಪದಗಳನ್ನು ಸ್ವಲ್ಪ ಎಳೆದಾಡಿದರೆ ಎರಡಕ್ಕೂ ಅಲ್ಲಿ ಅರ್ಥ ಹೊಂದುತ್ತದೆ. ನಾನು ಹಿಗ್ಗಿಹೋದೆ. ಅಂಶಗಣದಲ್ಲಿ ಗಣದ ಮೊದಲಿಗೆ ಬರುವ ಎರಡು ಲಘು ಸೇರಿ ಒಂದು ಅಂಶ. ‘ಕೇಡು’ ಎಂದರೆ ಎರಡು ಅಂಶ, ‘ಕೆಡು’ ಎಂದರೆ ಒಂದೇ. ಹಾಗಾದರೆ ಕಡಿಮೆ ಬಿದ್ದ ಒಂದು ಅಂಶವನ್ನು ತುಂಬಿಕೊಟ್ಟವರು ಯಾರು? ಹಾಡುವವರ ಎಳೆತ! ಹಾವೇರಿ ಸೀಮೆಯ ಬಾಯಿಪಾಠ ಪರಂಪರೆಯ ಕುರುಹೊಂದು ಇಲ್ಲಿ ಉಳಿದುಕೊಂಡಿದೆ ಎಂದು ಬರೆದೆ. ಒಂದು ವಿಚಾರ ಸಂಕಿರಣದಲ್ಲಿ ಓದಿದೆ ಕೂಡ. ಇಬ್ಬರು ಹಿರಿಯರು ತಲೆದೂಗಿದರು.

ಆ ಪಾಠಾಂತರ ಹುಟ್ಟಿದ್ದು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯ ಅಟ್ಟದ ಮೇಲೆ.

ಆ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಮ್ಮ ದೊಡ್ಡವ್ವನ ಮಗ. ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ಕೋಡ್ ಬರೆದು, ದೊಡ್ಡಪ್ಪನಿಗೆ ಆರಾಮ ತಪ್ಪಿದ ಮೇಲೆ ಊರು ಸೇರಿದವನು. ಹತ್ತಿ, ಗೋವಿನಜೋಳದ ಬೀಜದ ಚೀಲಗಳ ನಡುವೆ ಅವನ ಲ್ಯಾಪ್‌ಟಾಪ್ ಇರುತ್ತದೆ. ನಾನು ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದ ಹೊಸತರಲ್ಲಿ ಒಂದು ದಿನ ಬ್ಯಾಡಗಿಯಿಂದ ಅವನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಅಂತರ್ಜಾಲದಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಏರಿಸಿದ ಕನ್ನಡ ಪುಟಗಳು ತೆರೆದರೆ ಬರೀ ಕಸ ಕಾಣುತ್ತದೆ, ಓದಲಾಗುವುದಿಲ್ಲ ಎಂದು. ಆ ವಾರದ ಕೊನೆಯಲ್ಲಿ ಅವನು ಒಂದು ಎಕ್ಸ್‌ಟೆನ್ಷನ್ ಕಳಿಸಿದ. ಬ್ರೌಸರಿನ ಮೇಲ್ತುದಿಯಲ್ಲಿ ಒಂದು ಸಣ್ಣ ‘ಕ’ ಕೂರುತ್ತದೆ. ಒತ್ತಿದರೆ ಕಸ ಕನ್ನಡವಾಗುತ್ತದೆ. ಮೊದಲು ನನಗೊಬ್ಬಳಿಗೇ ಇತ್ತು. ನಾನು ಜೊತೆಗಾರರಿಗೆ ಹೇಳಿದೆ, ಅವರು ತಮ್ಮ ಜೊತೆಗಾರರಿಗೆ ಹೇಳಿದರು. ಎರಡು ವರ್ಷದಲ್ಲಿ ಕಾಸರಗೋಡಿನಿಂದ, ಸೊಲ್ಲಾಪುರದಿಂದ, ಅವನು ಹೆಸರು ಕೇಳಿರದ ಊರುಗಳಿಂದ ಅವನಿಗೆ ಪತ್ರ ಬರತೊಡಗಿದವು. ಹೆಚ್ಚಿನವು ದೂರು.

ಕಸ ಯಾಕೆ ಕಾಣುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡದ ಸಾಹಿತ್ಯ ವಿದ್ಯಾರ್ಥಿಗಳಾದ ನಾವು ಇದನ್ನು ತಾಂತ್ರಿಕ ವಿಷಯ ಎಂದು ಪಕ್ಕಕ್ಕಿಟ್ಟುಬಿಟ್ಟಿದ್ದೇವೆ. ಇದು ಅಕ್ಷರದ ವಿಷಯ, ಅಂದರೆ ನಮ್ಮದೇ ವಿಷಯ. ಯೂನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತ್ತು. ಆದರೆ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸುವಷ್ಟರಲ್ಲಿ ಬಹಳ ವರ್ಷ ಹೋದವು. ಆ ನಡುವಿನ ಕಾಲದಲ್ಲಿ ನಮ್ಮನ್ನು ಕಾಪಾಡಿದ್ದು ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ. ಅವು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ತಲೆಕಟ್ಟು ಒಂದು ಮನೆಯಲ್ಲಿ, ಎತ್ವ ಇನ್ನೊಂದರಲ್ಲಿ, ದೀರ್ಘದ ಗುರುತು ಮತ್ತೊಂದರಲ್ಲಿ. ಫಾಂಟ್ ಇರುವ ಯಂತ್ರದಲ್ಲಿ ಅದು ಚೆಂದದ ಕನ್ನಡ. ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವೇ ಒಂದು ಪೌಂಡ್ ಚಿಹ್ನೆ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಮೂರು ಇಂಗ್ಲಿಷ್ ‘ಎ’ಗಳು ಮತ್ತಿತರ ವೇಷಗಾರರಾಗಿ ನಿಲ್ಲುತ್ತದೆ.

ಈ ವೇಷ ಕಳಚುವುದು ಅಕ್ಷರಕ್ಕೆ ಅಕ್ಷರ ಬದಲಿಸಿದಷ್ಟು ಸುಲಭವಲ್ಲ. ಅರ್ಕಾವತ್ತನ್ನೇ ನೋಡಿ. ಕಣ್ಣಿಗೆ ಅದು ವ್ಯಂಜನದ ಆಚೆ ಕಾಣುತ್ತದೆ, ನುಡಿಯೂ ಹಾಗೆಯೇ ಕೂಡಿಡುತ್ತದೆ. ಆದರೆ ಬಾಯಿಗೆ ಅದು ಮೊದಲು, ಯೂನಿಕೋಡ್ ಬಾಯಿಯ ಪಕ್ಷ. ‘ಸೂರ್ಯ’ ಬರೆಯಬೇಕಾದರೆ ಪರಿವರ್ತಕ ಆ ಗುರುತನ್ನು ಹಿಡಿದು ಒಂದು ಅಕ್ಷರದಷ್ಟು ಹಿಂದಕ್ಕೆ ದಾಟಿಸಬೇಕು. ‘ರ‍್ಯಾಂಕ್’ ಬಂದರೆ ದಾಟಿಸಬಾರದು, ಬದಲಿಗೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತನ್ನು ನಡುವೆ ತುರುಕಬೇಕು. ಅದು ಇಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ಹಾರಿಬಿಡುತ್ತದೆ. ಇನ್ನು ‘ಕೇ’. ನುಡಿಯಲ್ಲಿ ಅದು ಮೂರು ಚೂರು: ಕಕಾರ, ಎತ್ವ, ದೀರ್ಘ. ಆ ದೀರ್ಘದ ಚೂರು ‘ಕೀ’ಗೂ ‘ಕೋ’ಗೂ ಅದೇ. ಪರಿವರ್ತಕ ದೀರ್ಘ ಕಂಡಾಗಲೆಲ್ಲ ಹಿಂದೆ ತಿರುಗಿ ಯಾರು ನಿಂತಿದ್ದಾರೆಂದು ನೋಡಬೇಕು.

ನನ್ನ ‘ಕೇಡು’ ಕೆಟ್ಟದ್ದು ಇಲ್ಲಿಯೇ. ಆ ಹಳೆಯ ಪುಟ ಮಾಡಿದವರು ಯಾವ ಕಾರಣಕ್ಕೋ ಪದದ ನಟ್ಟನಡುವೆ ಬಣ್ಣ ಬದಲಿಸುವ ಒಂದು ಗುರುತು ಇಟ್ಟಿದ್ದರು. ಬ್ರೌಸರಿನ ಕಣ್ಣಿಗೆ ಅದು ಎರಡು ತುಂಡು. ಕಕಾರ, ಎತ್ವ ಒಂದು ತುಂಡಿನ ಕೊನೆಗೆ, ದೀರ್ಘ ಇನ್ನೊಂದರ ಮೊದಲಿಗೆ. ಅಣ್ಣನ ಎಕ್ಸ್‌ಟೆನ್ಷನ್ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಓದುತ್ತಿತ್ತು. ಎರಡನೆಯ ತುಂಡಿನ ಬಾಗಿಲಲ್ಲಿ ಹಿಂದೆ ಯಾರೂ ಇಲ್ಲದ ಒಂಟಿ ದೀರ್ಘವನ್ನು ಕಂಡು, ಇದು ಎಲ್ಲಿಯದೋ ಕಸ ಎಂದು ಎಸೆದುಬಿಟ್ಟಿತು. ಉಳಿದದ್ದು ‘ಕೆಡು’. ನನ್ನ ಬಾಯಿಪಾಠ ಪರಂಪರೆ ಅದು.

ತಿಳಿದದ್ದು ಆಕಸ್ಮಿಕವಾಗಿ. ಹಾವೇರಿಯ ಗ್ರಂಥಾಲಯವೊಂದರ ಹಳೆಯ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದೆ. ಅಲ್ಲಿ ಎಕ್ಸ್‌ಟೆನ್ಷನ್ ಇರಲಿಲ್ಲ, ಆದರೆ ನುಡಿಯ ಫಾಂಟ್ ಇತ್ತು. ಪುಟ ನೇರವಾಗಿ ಕನ್ನಡದಲ್ಲೇ ತೆರೆಯಿತು. ‘ಕೇಡು’ ಎಂದು ದೀರ್ಘ ಸಮೇತ ಕೂತಿತ್ತು. ಅರ್ಧ ಪದ ಕಪ್ಪು, ಅರ್ಧ ನೀಲಿ. ಅಲ್ಲಿಂದ ಬಸ್ ಹಿಡಿದು ಸೀದಾ ರಾಣೆಬೆನ್ನೂರಿಗೆ ಹೋದೆ.

‘ಅಣ್ಣಾ, ನಿನ್ನ ಎಕ್ಸ್‌ಟೆನ್ಷನ್ ನನ್ನ ಅಧ್ಯಾಯ ಕೆಡಿಸೇತಿ.’

ಅವನು ಚೀಲದ ಲೆಕ್ಕದಿಂದ ತಲೆ ಎತ್ತದೆ ಕೇಳಿದ. ‘ಆ ಪುಟಾನ ನುಡಿ ಫಾಂಟ್ ಹಾಕಿ ಒಮ್ಮಿ ನೋಡ್ಬೇಕಿತ್ತಿಲ್ಲ ತಂಗಿ? ಪಾಠಾಂತರ ಅಂತೀರಿ, ಮೂಲ ಪ್ರತಿ ನೋಡ್ರಿ ಅಂತೀರಿ, ನನ್ನ ಕೋಡನ್ನ ಯಾಕ ಅಷ್ಟು ನಂಬಿದಿ?’

ಉತ್ತರ ಇರಲಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಎಂ.ಎ.ಯಲ್ಲಿ ಪರೀಕ್ಷೆಗಾಗಿ ಓದಿದವಳು ನಾನು. ಓಲೆಗರಿಯಿಂದ ಓಲೆಗರಿಗೆ ಇಳಿಸುವಾಗ ಲಿಪಿಕಾರ ಹೇಗೆ ಅಕ್ಷರ ಬಿಡುತ್ತಾನೆ, ಹಿಂದುಮುಂದು ಮಾಡುತ್ತಾನೆ, ಗೊತ್ತಿಲ್ಲದ ಪದಕ್ಕೆ ಗೊತ್ತಿರುವ ಪದ ಹಾಕುತ್ತಾನೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಆದರೆ ನನ್ನ ಪರದೆಯ ಮೇಲೆ ಒಬ್ಬ ಲಿಪಿಕಾರ ಕೂತಿದ್ದಾನೆ, ಪ್ರತಿ ಸಲ ಪುಟ ತೆರೆದಾಗಲೂ ಹೊಸದಾಗಿ ಒಂದು ಪ್ರತಿ ಮಾಡಿಕೊಡುತ್ತಾನೆ ಎಂದು ಹೊಳೆದಿರಲಿಲ್ಲ.

ಎಕ್ಸ್‌ಟೆನ್ಷನ್ ಹಾಕಿಕೊಳ್ಳುವಾಗ ಬ್ರೌಸರ್ ಒಂದು ವಾಕ್ಯ ತೋರಿಸಿ ಒಪ್ಪಿಗೆ ಕೇಳುತ್ತದೆ. ನಾವೆಲ್ಲ ಓದದೆ ಒತ್ತುವ ವಾಕ್ಯ ಅದು. ನೀವು ನೋಡುವ ಎಲ್ಲ ಜಾಲತಾಣಗಳಲ್ಲಿ ನಿಮ್ಮ ಮಾಹಿತಿಯನ್ನು ಇದು ಓದಬಹುದು, ಬದಲಿಸಬಹುದು ಎಂಬರ್ಥದ್ದು. ಕಾವ್ಯದ ಸಾಲಿಗೆ ಕೊಡುವ ಗಮನವನ್ನು ಒಮ್ಮೆ ಇದಕ್ಕೂ ಕೊಟ್ಟು ನೋಡಿ. ಓದುವುದು, ಬದಲಿಸುವುದು ಎಂಬ ಎರಡು ಕ್ರಿಯಾಪದ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಲಿಪಿಕಾರನ ಕೆಲಸಕ್ಕೆ ಇದಕ್ಕಿಂತ ಚಿಕ್ಕ ವ್ಯಾಖ್ಯೆ ನನಗೆ ಗ್ರಂಥಸಂಪಾದನೆಯ ಪುಸ್ತಕಗಳಲ್ಲೂ ಸಿಕ್ಕಿಲ್ಲ. ವಾಕ್ಯ ಪ್ರಾಮಾಣಿಕವಾಗಿದೆ. ಆದರೆ ಓದುವವರು ಯಾರು, ಬದಲಿಸುವವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಕರ್ತೃ ‘ಇದು’. ಇವತ್ತು ‘ಇದು’ ಎಂದರೆ ನಮ್ಮ ಅಣ್ಣ. ನಾಳೆಯೂ ಅವನೇ ಇರುತ್ತಾನೆ ಎಂಬ ಭರವಸೆ ಆ ವಾಕ್ಯದಲ್ಲಿಲ್ಲ.

ಇದು ಊಹೆಯ ಭಯವಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್ ಇತ್ತು. ಬಳಸದೆ ಬಿಟ್ಟ ಟ್ಯಾಬುಗಳನ್ನು ಮಲಗಿಸಿ ಕಂಪ್ಯೂಟರಿನ ಭಾರ ಇಳಿಸುವ ಕೆಲಸ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. ಬರೆದವರು 2020ರ ಜೂನ್‌ನಲ್ಲಿ ಅದನ್ನು ಬೇರೆಯವರಿಗೆ ಮಾರಿದರು. ಕೊಂಡವರು ಯಾರೆಂದು ಬಳಕೆದಾರರಿಗೆ ಗೊತ್ತಾಗಲಿಲ್ಲ. ಆಮೇಲೆ ಕ್ರೋಮ್ ಮಳಿಗೆಯಲ್ಲಿ ಬಂದ ಹೊಸ ಆವೃತ್ತಿಗೂ ಎಲ್ಲರೂ ನೋಡಲೆಂದು ತೆರೆದಿಟ್ಟಿದ್ದ ಮೂಲ ಕೋಡಿಗೂ ತಾಳೆಯಾಗಲಿಲ್ಲ. ಹೊರಗಿನಿಂದ ಕೋಡ್ ತರಿಸಿ ನಡೆಸುವ ಸಾಲುಗಳು ಒಳಗೆ ಸೇರಿದ್ದವು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ದುರುದ್ದೇಶದ ತಂತ್ರಾಂಶವೆಂದು ತೆಗೆದುಹಾಕಿತು. ಮಲಗಿದ್ದ ಟ್ಯಾಬುಗಳೂ ಅದರ ಜೊತೆಗೇ ಹೋದವು. ಮುಕ್ತ ತಂತ್ರಾಂಶ ಎಂದರೆ ಯಾರು ಬೇಕಾದರೂ ಓದಬಹುದು ಎನ್ನುತ್ತೇವೆ. ಸರಿ, ಆದರೆ ಓದಿದವರು ಎಷ್ಟು ಜನ? ಕೆಲವರು ಓದಿದ್ದರಿಂದಲೇ ಈ ಪ್ರಕರಣ ಹೊರಬಂತು. ಉಳಿದ ಲಕ್ಷಾಂತರ ಜನಕ್ಕೆ ಹೆಸರು ಅದೇ, ಚಿತ್ರ ಅದೇ, ಹಾಗಾಗಿ ಎಕ್ಸ್‌ಟೆನ್ಷನ್ನೂ ಅದೇ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಹತ್ತಿರದ ಸಂಗತಿ ಅಂಕಿತ. ಕಾಗಿನೆಲೆ ನಮ್ಮ ಬ್ಯಾಡಗಿ ತಾಲ್ಲೂಕಿನದು. ಕಾಗಿನೆಲೆಯಾದಿಕೇಶವ ಎಂದು ಮುಗಿದರೆ ಕೀರ್ತನೆ ಕನಕದಾಸರದು ಎಂದುಕೊಳ್ಳುತ್ತೇವೆ. ಸರ್ವಜ್ಞನ ವಿಷಯದಲ್ಲಿ ಇದು ಇನ್ನೂ ಸಲೀಸು. ಕೊನೆಯ ಗಣದಲ್ಲಿ ‘ಸರ್ವಜ್ಞ’ ಕೂರಿಸಿದರೆ ಯಾರ ತ್ರಿಪದಿಯೂ ಅವನದಾಗಬಹುದು. ಅವನು ಅಬಲೂರಿನವನೋ ಮಾಸೂರಿನವನೋ ಎಂಬ ಜಗಳವೇ ಮುಗಿಯದಿರುವಾಗ ಯಾವುದು ಪ್ರಕ್ಷಿಪ್ತ ಎಂದು ಹೇಳುವವರು ಯಾರು? ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಒಂದೆಡೆ ತಂದಾಗ ಹಸ್ತಪ್ರತಿಗಳ ಜೊತೆಗೆ ಜನರ ಬಾಯನ್ನೂ ನೆಚ್ಚಬೇಕಾಗಿತ್ತು.

ಅಂಕಿತವೇ ಬದಲಾದರೆ ನಮಗೆ ಕೂಡಲೇ ಗೊತ್ತಾಗುತ್ತದೆ. ಬಸವಣ್ಣನ ವಚನಗಳಲ್ಲಿ ಕೂಡಲಸಂಗಮದೇವದ ಬದಲು ಲಿಂಗದೇವ ಎಂದು ಹಾಕಿದ ಮಾತೆ ಮಹಾದೇವಿಯವರ ಪುಸ್ತಕವನ್ನು 1998ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಮುಗಿಯಿತು. ಅಂಕಿತ ಹಾಗೇ ಇದ್ದು ಒಳಗಿನದು ಬದಲಾದಾಗ ಯಾವ ಗದ್ದಲವೂ ಏಳುವುದಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮೂರ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಆದರೆ ನಮ್ಮ ಮಾರುಕಟ್ಟೆಗೆ ಬಳ್ಳಾರಿಯಿಂದ, ರಾಯಚೂರಿನಿಂದ, ಆಂಧ್ರದ ಕಡೆಯಿಂದ ಲಾರಿ ಬರುತ್ತವೆ. ಡಬ್ಬಿ ಯಾವುದು, ಕಡ್ಡಿ ಯಾವುದು, ಹೈಬ್ರಿಡ್ ಯಾವುದು ಎಂದು ನಮ್ಮಜ್ಜಿ ತೊಟ್ಟು ಮುರಿದು ಹೇಳುತ್ತಿದ್ದಳು. ದೂರದ ಊರಿನ ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವವರು ಹೆಸರು ಓದುತ್ತಾರೆ, ಅಷ್ಟೆ.

ಅಣ್ಣನಿಗೂ ಕೊಳ್ಳುತ್ತೇವೆ ಎಂಬ ಪತ್ರ ಬಂದಿತ್ತು. ಬಳಕೆದಾರರ ತಲೆಗೆ ಇಷ್ಟು ಎಂಬ ಲೆಕ್ಕ. ಕಳಿಸಿದವರ ಹೆಸರು ಹುಡುಕಿದರೆ ಏನೂ ಸಿಗುವುದಿಲ್ಲ. ಅವನು ಮಾರಲಿಲ್ಲ. ಇದನ್ನು ಅವನ ದೊಡ್ಡತನವೆಂದು ನಾನು ಮೊದಲ ಕರಡಿನಲ್ಲಿ ಬರೆದು ಅವನಿಗೆ ಓದಿ ಹೇಳಿದೆ. ‘ಅದು ಸ್ಪಾಮಿಗೆ ಹೋಗಿತ್ತು. ನಾ ನೋಡಿದ್ದ ಮೂರು ತಿಂಗಳ ಮ್ಯಾಲೆ’ ಎಂದು ನಕ್ಕ.

ಎಕ್ಸ್‌ಟೆನ್ಷನ್ ಬರೆದವರಲ್ಲಿ ಒಬ್ಬರನ್ನು ನಾನು ಲೇಖಕರನ್ನು ಓದುವ ಹಾಗೆ ಓದಿದ್ದೇನೆ. ಅವರು ರೇಮಂಡ್ ಹಿಲ್, ಕೆನಡಾದವರು. ಜಾಹೀರಾತು ಮತ್ತು ಹಿಂಬಾಲಕ ಕೋಡುಗಳನ್ನು ತಡೆಯುವ ‘ಯುಬ್ಲಾಕ್’ ಅನ್ನು 2014ರಲ್ಲಿ ಹೊರತಂದರು. ಜನ ಮುಗಿಬಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಅವರು ಯೋಜನೆಯ ಕೀಲಿಯನ್ನು ಇನ್ನೊಬ್ಬರ ಕೈಗಿಟ್ಟು ಹಿಂದೆ ಸರಿದರು. ದೂರುಗಳನ್ನು ನೋಡಿ ನೋಡಿ ಹವ್ಯಾಸ ಬೇಸರದ ನೌಕರಿಯಂತಾಗಿತ್ತು ಎಂಬುದು ಅವರ ವಿವರಣೆಯ ಸಾರ. ಕೈ ಬದಲಾದ ಮೇಲೆ ಆ ಹೆಸರಿನಲ್ಲಿ ದೇಣಿಗೆ ಕೇಳುವುದು ಶುರುವಾಯಿತು. ಹಿಲ್ ತಮ್ಮದೇ ಕವಲನ್ನು ‘ಯುಬ್ಲಾಕ್ ಆರಿಜಿನ್’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಹಳೆಯ ಹೆಸರಿನದು 2018ರಲ್ಲಿ ಇನ್ನೊಂದು ಜಾಹೀರಾತು ತಡೆ ಸಂಸ್ಥೆಯ ಪಾಲಾಯಿತು. ಕೋಟಿಗಟ್ಟಲೆ ಜನ ಬಳಸಿದ್ದು ಆರಿಜಿನ್. ಮೂಲ ಲೇಖಕ ತನ್ನ ಹೆಸರಿಗೆ ‘ಮೂಲ’ ಎಂಬ ಬಾಲ ಸೇರಿಸಿಕೊಳ್ಳಬೇಕಾಗಿ ಬಂದದ್ದನ್ನು ಗಮನಿಸಿ.

ಆರಿಜಿನ್‌ನ ಜೊತೆ ಬರುವ ಪರಿಚಯ ಪತ್ರ ನನಗೆ ಬಹಳ ಹಿಡಿಸಿದ ಗದ್ಯ. ಹಣ ಬೇಡ ಎನ್ನುತ್ತದೆ. ಏನಾದರೂ ಕೊಡಲೇಬೇಕೆನಿಸಿದರೆ, ತಡೆಯಬೇಕಾದವುಗಳ ಪಟ್ಟಿಯನ್ನು ಪುಕ್ಕಟೆಯಾಗಿ ಕಾಯ್ದುಕೊಂಡು ಬರುವವರನ್ನು ನೆನೆಯಿರಿ ಎನ್ನುತ್ತದೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರರು ತಪ್ಪಿದ್ದರೆ ತಿದ್ದಿ ಓದಿರೆಂದು ಕೈಮುಗಿಯುತ್ತಿದ್ದರಲ್ಲ, ಆ ಜಾತಿಯ ಬರಹ. ಆದರೆ ವಿನಯ ಅಷ್ಟಕ್ಕೇ ನಿಲ್ಲುತ್ತದೆ. ನಿನ್ನ ಬ್ರೌಸರಿನೊಳಗೆ ಏನು ಬರಬೇಕು ಎಂದು ತೀರ್ಮಾನಿಸುವವನು ನೀನು ಎಂಬ ಮಾತಿನಲ್ಲಿ ಸಿಟ್ಟೂ ಇದೆ. ಹಣ ತೆಗೆದುಕೊಳ್ಳದವರಿಗೆ ಮಾತ್ರ ಆ ಸ್ವರ ಸಿಗುತ್ತದೇನೋ. ಇದನ್ನು ಬರೆದು ನನಗೇ ಅನುಮಾನ ಬರುತ್ತದೆ. ಹಣ ತೆಗೆದುಕೊಳ್ಳದಿರುವುದನ್ನು ಹೊಗಳುವುದು ನಮ್ಮಂಥ ಪುಕ್ಕಟೆ ಬಳಸುವವರಿಗೆ ಬಹಳ ಅನುಕೂಲದ ವಿಮರ್ಶೆ. ಫೆಲೋಶಿಪ್ ಎರಡು ತಿಂಗಳು ತಡವಾದರೆ ನಾನು ಎಷ್ಟು ಕೂಗಾಡುತ್ತೇನೆಂದು ನನಗೆ ಗೊತ್ತು.

ಗ್ರೇಟ್ ಸಸ್ಪೆಂಡರ್‌ನಂಥ ಪ್ರಕರಣಗಳನ್ನು ತಡೆಯಬೇಕಾದ್ದೇ. ಕ್ರೋಮ್ ತಂದ ‘ಮ್ಯಾನಿಫೆಸ್ಟ್ ವಿ3’ ಎಂಬ ನಿಯಮಾವಳಿ ಹೊರಗಿನಿಂದ ಕೋಡ್ ತರಿಸಿ ನಡೆಸುವುದನ್ನು ನಿಷೇಧಿಸುತ್ತದೆ, ಒಳ್ಳೆಯದೇ. ಅದೇ ನಿಯಮಾವಳಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ನುಗಳ ಕೈಯನ್ನೂ ಕಟ್ಟಿತು. 2024ರ ಜೂನ್‌ನಿಂದ ಕ್ರೋಮ್ ಹಳೆಯ ನಿಯಮದವುಗಳನ್ನು ಹೊರಹಾಕಲು ಶುರುಮಾಡಿದಾಗ ಯುಬ್ಲಾಕ್ ಆರಿಜಿನ್ ಕೂಡ ಆ ಸಾಲಿನಲ್ಲಿತ್ತು, ಕ್ರೋಮ್ ಬಳಸುವವರಿಗೆ ‘ಲೈಟ್’ ಎಂಬ ಸಣ್ಣ ರೂಪ ಉಳಿಯಿತು. ಜಾಹೀರಾತಿನಿಂದ ಬದುಕುವ ಸಂಸ್ಥೆಯೇ ಈ ನಿಯಮ ಬರೆದಿದೆ ಎಂಬುದನ್ನು ಓದುಗರು ಮರೆಯಬಾರದು. ನಮ್ಮ ಅಣ್ಣನ ಎಕ್ಸ್‌ಟೆನ್ಷನ್ನಿಗೆ ಜಾಹೀರಾತಿನ ಗೊಡವೆಯೇ ಇಲ್ಲ. ಆದರೂ ಅದರ ಒಳಗಿನ ಅರ್ಧ ಭಾಗವನ್ನು ಅವನು ಮತ್ತೆ ಬರೆಯಬೇಕಾಯಿತು. ಬಿತ್ತನೆಯ ಹಂಗಾಮು ಬೇರೆ. ಹಗಲು ಅಂಗಡಿ, ರಾತ್ರಿ ಕೋಡ್. ‘ಕೇಡು’ ಕೆಟ್ಟದ್ದು ಆ ಮರು ಬರವಣಿಗೆಯಲ್ಲಿ. ಹಿಂದಿನ ಆವೃತ್ತಿ ತುಂಡುಗಳನ್ನು ಜೋಡಿಸಿ ಓದುತ್ತಿತ್ತು. ಅವಸರದಲ್ಲಿ ಆ ಭಾಗ ಬಿಟ್ಟುಹೋಗಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತು? ಅವನ ಬದಲಾವಣೆಗಳ ದಾಖಲೆಯಲ್ಲಿ ಇದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಲು ಹೋಗಿ ಯಾವ ಸಾಲು ಬಂತು ಎಂಬುದು ಒಂದೂ ಬಿಡದೆ ಇದೆ. ರಾತ್ರಿ ಒಂದೂವರೆಗೆ ತೆಗೆದ ಆ ಸಾಲುಗಳನ್ನು ನಾನು ಕಣ್ಣಾರೆ ಕಂಡೆ. ಸರ್ವಜ್ಞನ ಒಂದೇ ಒಂದು ಹಸ್ತಪ್ರತಿಗೆ ಇಂಥ ದಾಖಲೆ ಇದ್ದಿದ್ದರೆ ನನ್ನಂಥವರ ಪಿಎಚ್‌ಡಿಗೆ ವಿಷಯವೇ ಇರುತ್ತಿರಲಿಲ್ಲ. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಕನಸಿನಲ್ಲೂ ಸಿಗದ ಆಕರ ಇದು. ಆದರೆ ಇದನ್ನು ಓದುವ ವಿಮರ್ಶೆಯನ್ನು ನಾವು ಕಟ್ಟಿಕೊಂಡಿಲ್ಲ. ಡಿಜಿಟಲ್ ಯುಗದ ಕನ್ನಡ ಸಾಹಿತ್ಯ ಎಂದು ಶೀರ್ಷಿಕೆಯಿಟ್ಟು ಫೇಸ್‌ಬುಕ್ ಕವಿತೆಯ ಗುಣಮಟ್ಟದ ಬಗ್ಗೆ ಕೊರಗುವುದರಲ್ಲೇ ಎಷ್ಟೋ ಸಂಕಿರಣಗಳು ಮುಗಿದಿವೆ. ಕವಿತೆ ಪರದೆಯವರೆಗೆ ಬರುವ ದಾರಿಯಲ್ಲಿ ಯಾರ ಯಾರ ಕೈ ಹಾಯ್ದು ಬಂತು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಕೈಗಳಿಗೆ ಹೆಸರಿವೆ. ಅಣ್ಣನ ಪರಿವರ್ತಕದ ತಳದಲ್ಲಿರುವುದು ಅರವಿಂದ ವಿ.ಕೆ. ಅವರು ಮುಕ್ತವಾಗಿ ಬಿಟ್ಟ ಕೆಲಸ. ‘ಗುಬ್ಬಿ’, ‘ನವಿಲು’ ಫಾಂಟುಗಳನ್ನು ಮಾಡಿದವರೂ ಅವರೇ. ‘ಅಲರ್’ ನಿಘಂಟನ್ನು ನಾನು ದಿನಕ್ಕೆ ಹತ್ತು ಸಲ ತೆರೆಯುತ್ತೇನೆ. ವಿ. ಕೃಷ್ಣ ಎಂಬೊಬ್ಬರು ಯಾವ ಸಂಸ್ಥೆಯ ಹಂಗಿಲ್ಲದೆ ನಾಲ್ಕು ದಶಕ ಕೂಡಿಟ್ಟ ಒಂದೂವರೆ ಲಕ್ಷ ಪದಗಳು ಅಲ್ಲಿವೆ. 2019ರಲ್ಲಿ ಕೈಲಾಶ್ ನಾಧ್ ಅವರ ಜೊತೆ ಸೇರಿ ಅದನ್ನು ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಅಲರ್‌ನ ಜಾಣತನ ಇರುವುದು ಪದಗಳ ರಾಶಿಯನ್ನೂ ಅದನ್ನು ತೋರಿಸುವ ತಂತ್ರಾಂಶವನ್ನೂ ಬೇರೆ ಬೇರೆ ಇಟ್ಟದ್ದರಲ್ಲಿ. ತಂತ್ರಾಂಶ ನಾಳೆ ಹಳತಾದರೆ ಪದಗಳನ್ನು ಇನ್ನೊಬ್ಬರು ಎತ್ತಿಕೊಂಡು ಹೋಗಬಹುದು. ಕಿಟೆಲ್ ಕೋಶಕ್ಕೂ ಹೀಗೆಯೇ ಆಯಿತಲ್ಲ. 1894ರ ಆ ಕೋಶವನ್ನು ಎಷ್ಟೋ ದಶಕಗಳ ಮೇಲೆ ಮರಿಯಪ್ಪ ಭಟ್ಟರು ತಿದ್ದಿ ಬೆಳೆಸಿದರು. ಭಟ್ಟರ ಹೆಸರು ಹೇಳದೆ ಕಿಟೆಲ್ ಎಂದಷ್ಟೇ ಅಡಿಟಿಪ್ಪಣಿ ಹಾಕುವುದು ನಮ್ಮ ಅಭ್ಯಾಸ. ನಾನೂ ಹಾಗೇ ಹಾಕಿದ್ದೆ, ಈಗ ತಿದ್ದಿದ್ದೇನೆ.

ಝೊಟೆರೊ ಬಗ್ಗೆಯೂ ಎರಡು ಮಾತು, ಸಂಶೋಧನಾ ವಿದ್ಯಾರ್ಥಿಗಳು ಓದುತ್ತಿರುವುದರಿಂದ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದವರು 2006ರಲ್ಲಿ ಅದನ್ನು ಹೊರತಂದದ್ದು ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ರೂಪದಲ್ಲೇ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದು ಹಳೆಯ ಬಗೆಯ ಎಕ್ಸ್‌ಟೆನ್ಷನ್ನುಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು. ಝೊಟೆರೊ ಅಷ್ಟರಲ್ಲಿ ಬ್ರೌಸರಿನಿಂದ ಹೊರಬಂದು ಸ್ವಂತ ಮನೆ ಮಾಡಿಕೊಂಡಿತ್ತು, ಬದುಕಿತು. ಹಿಂದೆ ಒಂದು ಸಂಸ್ಥೆ ಇತ್ತು, ಸಂಬಳ ತೆಗೆದುಕೊಳ್ಳುವ ಜನ ಇದ್ದರು. ಒಬ್ಬರೇ ನಡೆಸುತ್ತಿದ್ದ ಎಷ್ಟೋ ಎಕ್ಸ್‌ಟೆನ್ಷನ್ನುಗಳು ಆ ತಿಂಗಳು ಸುಮ್ಮನೆ ಸತ್ತವು. (ಅದರಲ್ಲಿ ಹೆಸರು ತುಂಬುವಾಗ ಅಡ್ಡಹೆಸರು ಕೇಳುತ್ತದೆ. ಹಿರೇಮಠ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದೆಲ್ಲ ಇರುವ ನಮ್ಮ ಕಡೆಯವರಿಗೆ ಚಿಂತೆಯಿಲ್ಲ. ಇನಿಷಿಯಲ್ಲುಗಳ ಮೇಲೆ ಬದುಕುವ ಮೈಸೂರು ಕಡೆಯ ಲೇಖಕರನ್ನು ಒಂದೇ ಖಾನೆಗೆ ಬದಲಿಸಿ ತುಂಬಿರಿ, ಇಲ್ಲದಿದ್ದರೆ ತಂದೆಯ ಹೆಸರಿನ ಮೇಲೆ ಆಕರಸೂಚಿ ಜೋಡಣೆಯಾಗುತ್ತದೆ.)

ಅಟ್ಟದ ಮೇಲಿನ ಮಾತುಕತೆಗೆ ವಾಪಸು ಬರುತ್ತೇನೆ. ಅಂದು ನಾನು ಜಗಳಕ್ಕೇ ಹೋಗಿದ್ದೆ. ಅಣ್ಣ ಅದೇ ಸಂಜೆ ನನ್ನೆದುರೇ ಸರಿಪಡಿಸಿದ. ನಾಲ್ಕು ಸಾಲು. ಆಮೇಲೆ ಪರೀಕ್ಷೆಗಾಗಿ ಇಟ್ಟ ಪದಗಳ ಪಟ್ಟಿಗೆ ‘ಕೇಡು’ ಸೇರಿಸಿದ, ನಡುವೆ ಬಣ್ಣ ಬದಲಿಸಿ. ಇನ್ನು ಮುಂದೆ ಪ್ರತಿ ಹೊಸ ಆವೃತ್ತಿಯೂ ಆ ಪದವನ್ನು ಸರಿಯಾಗಿ ಓದಿ ತೋರಿಸಿದ ಮೇಲೆಯೇ ಹೊರಗೆ ಹೋಗಬೇಕು. ದೊಡ್ಡವ್ವ ಚಹಾ ಕಳಿಸಿದ್ದಳು. ಕುಡಿಯುತ್ತ ಅವನು ಕೇಳಿದ.

‘ನಿನ್ನ ಪ್ರಬಂಧದಾಗ ಇದರ ಹೆಸರ ಐತೇನು?’

ಇರಲಿಲ್ಲ. ನಾಲ್ಕು ವರ್ಷದಲ್ಲಿ ನಾನು ಓದಿದ ನೂರಾರು ಹಳೆಯ ಪುಟಗಳೆಲ್ಲ ಅದರ ಮೂಲಕವೇ ಬಂದವು. ಆಕರಸೂಚಿಯಲ್ಲಿ ಜಾಲತಾಣದ ವಿಳಾಸ ಇದೆ, ನೋಡಿದ ದಿನಾಂಕ ಇದೆ. ಯಾವ ಪರಿವರ್ತಕ, ಅದರ ಯಾವ ಆವೃತ್ತಿ ಎಂಬುದಿಲ್ಲ. ಓಲೆಗರಿಗಳ ವಿಷಯ ಬಂದಾಗ ಪ್ರತಿಯ ಸಂಖ್ಯೆ, ಲಿಪಿಕಾರನ ಹೆಸರು, ಕಾಲ, ಗರಿಗಳ ಲೆಕ್ಕ ಎಲ್ಲ ಕೊಟ್ಟಿದ್ದೇನೆ.

‘ಹೋಗ್ಲಿ ಬಿಡು, ನನಗೇನ ಹೆಸರ ಬೇಕಾಗಿಲ್ಲ’ ಎಂದ. ‘ಆದರ ಇದನ್ನ ನಾ ಒಬ್ಬನ ಇನ್ನ ಹೊರಾಕ ಆಗೂದಿಲ್ಲ. ಹೊಸ ಮಂದಿ ಯಾರರ ಬರ್ತಾರೇನು ನೋಡು, ಇಲ್ಲಂದ್ರ ಮುಂದಿನ ಯುಗಾದಿಗೆ ನಿಲ್ಲಸ್ತೀನಿ.’

ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಡದಲ್ಲಿ ಚೌಡದಾನಪುರ ಇದೆ, ಅಂಬಿಗರ ಚೌಡಯ್ಯನ ಊರು. ವಚನಕಾರರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ ಅವನು ತನ್ನ ಕಸುಬನ್ನೂ ತನ್ನ ಹೆಸರನ್ನೂ ಇಟ್ಟ. ಆ ನಿಲುವಿನ ಬಗ್ಗೆ ಬಹಳ ಬರೆದಿದ್ದಾರೆ, ನಾನೂ ಎಂ.ಎ.ಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಕಸುಬುದಾರ ಸಹಿ ಹಾಕಬೇಕು ಎಂದು ಕಾವ್ಯದಲ್ಲಿ ಒಪ್ಪಿಕೊಂಡವಳು ಅಡಿಟಿಪ್ಪಣಿಯಲ್ಲಿ ಒಪ್ಪಿರಲಿಲ್ಲ.

ಒಂದೂವರೆ ಪುಟ ತೆಗೆದ ಜಾಗದಲ್ಲಿ ಈಗ ಒಂದು ಅಡಿಟಿಪ್ಪಣಿ ಇದೆ. ‘ಕೆಡು’ ಎಂಬ ರೂಪ ಹೇಗೆ ಹುಟ್ಟಿತು, ಯಾವ ಆವೃತ್ತಿಯಲ್ಲಿ ಸೇರಿತು, ಯಾವುದರಲ್ಲಿ ಹೋಯಿತು ಎಂದು ಸಂಖ್ಯೆ ಸಮೇತ ಬರೆದಿದ್ದೇನೆ. ಸಂಕಿರಣದಲ್ಲಿ ತಲೆದೂಗಿದ ಇಬ್ಬರಿಗೂ ಪತ್ರ ಹಾಕಿದೆ, ಒಬ್ಬರು ಉತ್ತರಿಸಿದರು. ನನ್ನ ಮಾರ್ಗದರ್ಶಕರು ಆ ಅಡಿಟಿಪ್ಪಣಿಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ‘ಇದು ಬೇಕೇ?’ ಎಂದು ಕೇಳಿದ್ದಾರೆ. ಬೇಕು ಎಂದು ಬರೆದು ಕಳಿಸಿದ್ದೇನೆ.

ಯುಗಾದಿ ಕಳೆದು ಮೂರು ತಿಂಗಳಾಯಿತು. ಎಕ್ಸ್‌ಟೆನ್ಷನ್ ನಿಂತಿಲ್ಲ. ಹೊಸ ಮಂದಿ ಯಾರೂ ಸಿಗದೆ ನಾನೇ ಎರಡನೆಯವಳಾಗಿ ಸೇರಿಕೊಂಡಿದ್ದೇನೆ. ಕೋಡ್ ಬರೆಯಲು ಬರುವುದಿಲ್ಲ, ಆದರೆ ಯಾವ ಅಕ್ಷರ ಎಲ್ಲಿ ತಪ್ಪಿದೆ ಎಂದು ಗುರುತಿಸಿ ಪಟ್ಟಿ ಮಾಡಲು ಬರುತ್ತದೆ. ದೂರುಗಳು ಈಗ ನನಗೆ ಬರುತ್ತವೆ. ನಿನ್ನೆ ರಾತ್ರಿ ಒಂದು ಬಂತು. ಹಳಗನ್ನಡ ಕಲಿಸುವ ಮೇಷ್ಟ್ರೊಬ್ಬರು, ‘ೞ’ ಬರಬೇಕಾದ ಕಡೆಯೆಲ್ಲ ಖಾಲಿ ಚೌಕ ಬರುತ್ತಿದೆ, ನಾಳೆ ಬೆಳಿಗ್ಗೆ ತರಗತಿಯಿದೆ, ಬೇಗ ಸರಿಮಾಡಿ ಎಂದು ಬರೆದಿದ್ದಾರೆ. ಸ್ವಲ್ಪ ಸಿಟ್ಟಿನಲ್ಲೇ ಇದ್ದಂತಿದೆ. ಅಣ್ಣನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಗದ್ದಲ, ಹತ್ತು ಗಂಟೆಯ ಮೇಲೆ ಮಾಡು ಎಂದ.